ಹರಗೋಲಿನ ತೂಕ
ದೇವದುರ್ಗದ ಕಡಿ ಕೃಷ್ಣಾ ಹೊಳಿಯೊಳಗ ನಲವತ್ತು ವರ್ಷ ಹರಗೋಲು ಹಾಕಿದ ನಮ್ಮ ಮನಿಯವರಿಗೆ, ಮಂದಿ ಎಲ್ಲಿ ಕುಂತರೂ ತೂಕ ಸರಿ ಮಾಡೋ ಚಟ. ರಾಯಚೂರು ಬಸ್ಸಿನೊಳಗೂ ದಪ್ಪ ಮಂದಿಗೆ, "ಸ್ವಲ್ಪ ಆ ಕಡಿ ಸರೀರಿ ಯಪ್ಪಾ" ಅಂತಾರ. ಮದುವಿ ಪಂಕ್ತಿಯೊಳಗೂ ಬಿಡೂದಿಲ್ಲ. ಮೊನ್ನೆ ಅಳಿಯ ಪ್ರಭುರಾಜ ಕಾರವಾರದಾಗ ಒಂದು ದಿನಕ್ಕ ಇಡೀ ಬೋಟು ಬಾಡಿಗಿ ಹಿಡಿದು, ನಮ್ಮನ್ನೆಲ್ಲ ಸಮುದ್ರದ ಮ್ಯಾಲೆ ಕರಕೊಂಡು ಹೋದ. ಮೆತ್ತನ್ನ ಸೋಫಾ, ಬಿಸಿ ಮೀನು, ದೂರಕ್ಕ ಹಸಿರು ಗುಡ್ಡ. ಇವರು ಸೋಫಾ ಬಿಟ್ಟು ನೆಲಕ್ಕ ಕುಂತು, "ಯಾರೂ ಎದ್ದು ನಿಂದ್ರಬ್ಯಾಡ್ರಿ" ಅಂದರು. ಮೊಮ್ಮಕ್ಕಳಿಬ್ಬರನ್ನ ಎಡಕ್ಕೊಂದು ಬಲಕ್ಕೊಂದು ಒತ್ತಿಕೊಂಡು, ನನ್ನನ್ನ ಎದುರಿನ ಅಂಚಿಗೆ ಕೂಡಿಸಿದರು. "ಮಾವಾ, ಇದು ಹರಗೋಲಲ್ಲ, ಕುಣಿದರೂ ಮಗಚೂದಿಲ್ಲ" ಅಂತ ಅಳಿಯ ನಕ್ಕ. ನಾನೂ ನಕ್ಕೆ, ನನ್ನ ದಪ್ಪ ಮೈ ನೋಡೇ ಆ ಕಡಿ ಕೂಡಿಸ್ಯಾರ ಅನಕೊಂಡೆ. ಆದ್ರ ಸಮುದ್ರದ ದಂಡಿ ಕಣ್ಣಿಗೆ ಮರಿಯಾದ ಮ್ಯಾಲೆ ಇವರ ತುಟಿ ಒಣಗಿತು. ತೆರಿ ಬಡಿದಾಗೊಮ್ಮೆ ಬೆರಳು ಮಕ್ಕಳ ರಟ್ಟಿಗೆ ಒತ್ತಿ ಬೆಳ್ಳಗಾಗತಿದ್ದವು. ಸಂಜಿಗೆ ಇಳಿದು ಕೇಳಿದೆ: "ನನ್ನ ಯಾಕ ಅಷ್ಟು ದೂರ ಕೂಡಿಸಿದ್ರಿ, ತೂಕಕ್ಕೇನು?" ಅವರು ನನ್ನ ಮುಖ ನೋಡಲಿಲ್ಲ. "ನನಗಿರೋವು ಎರಡ ಕೈ. ನೀ ಹತ್ತರ ಇದ್ದು ಬೋಟು ಮಗಚಿದ್ದರ, ಅವು ಮಕ್ಕಳನ್ನ ಬಿಟ್ಟು ನಿನ್ನ ಹಿಡೀತಿದ್ದವು" ಅಂದರು.