ಹಾಕದೇ ಇದ್ದ ತತ್ತಿ

ನಾನು ಸುಳ್ಳು ಹೇಳಿದರೆ ಜನ ನಂಬುತ್ತಾರೆ. ಅದು ನನ್ನ ಕಲೆ. ಆದರೆ ಈಚೆಗೆ ಒಂದು ನಿಜ ಹೇಳಿದೆ. ಆಣೆ ಮಾಡಲೂ ತಯಾರಿದ್ದೆ. ಯಾರೂ ನಂಬಲಿಲ್ಲ.

ಆ ನಿಜ ಇಷ್ಟೇ: ಸಲಾಡಿನಲ್ಲಿ ಕೋಳಿ ತತ್ತಿ ಇರಲಿಲ್ಲ.

(ನಗಬೇಡಿ. ಮೊದಲು ನಕ್ಕವನು ನಾನೇ.)

ಹಳೆಯ ಓದುಗರಿಗೆ ನನ್ನ ಪರಿಚಯ ಬೇಕಿಲ್ಲ. ಹೊಸಬರಿಗೆ ಹೇಳುತ್ತೇನೆ. ಮಾನ್ವಿಯ ಮದುವೆಯೊಂದರಲ್ಲಿ ಬೀಗರ ಪಂಕ್ತಿಗೆ ಹೂರಣದ ಬದಲು ಕೆಂಪು ಮೆಣಸಿನಕಾಯಿ ಚಟ್ನಿ ತುಂಬಿದ ಹೋಳಿಗೆ ಬಡಿಸಿದ ಮಹಾನುಭಾವ ನಾನು. ಬೀಗರನ್ನು ಕಾಡುವುದು ನಮ್ಮ ಕಡೆ ತಪ್ಪಲ್ಲ, ಮರ್ಯಾದೆ. ಕಾಡದಿದ್ದರೆ ಅವರೇ ಕೇಳುತ್ತಾರೆ: "ಯಾಕ್ರೀ ಬೀಗರ, ನಮ್ಮ ಮ್ಯಾಲ ಸಿಟ್ಟೇನು?" ಈ ವಿದ್ಯೆಯಲ್ಲಿ ಜಿಲ್ಲೆಗೆಲ್ಲ ನನ್ನ ಜೋಡಿ ಇನ್ನೊಬ್ಬರಿಲ್ಲ. ಇದ್ದರೆ ಬರಲಿ, ಬಜ್ಜಿ ತಿನ್ನಿಸಿ ಕಳಿಸುತ್ತೇನೆ.

ಈಗ ವಿಷಯಕ್ಕೆ.

ನನ್ನ ಸೊಸೆ ಸುಜಾತಾ ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಪಾಠ ಮಾಡುತ್ತಾಳೆ. ಬಸ್ಸಿನಲ್ಲಿ ಹೋಗಿ ಬರುವಾಗ ಫೋನಿನಲ್ಲಿ ಅಡುಗೆ ವಿಡಿಯೋ ನೋಡುತ್ತಾಳೆ. ಅದರ ಫಲ ನಮ್ಮ ತಟ್ಟೆಗೆ ಭಾನುವಾರ ಬರುತ್ತದೆ. ಅವಳ ತಾಯಿ ಶರಣಮ್ಮ ದೇವದುರ್ಗದವರು. ಕಣ್ಣು ತೋರಿಸಲು ಆಗಾಗ ರಾಯಚೂರಿಗೆ, ನಮ್ಮ ಮನೆಗೆ ಬರುತ್ತಾರೆ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಹೊರಗೆ ಒಂದು ಕಪ್ ಚಹಾ ಕೂಡ ಕುಡಿಯುವುದಿಲ್ಲ. ಬೇಕರಿಯ ಬಿಸ್ಕತ್ತು ಕೊಟ್ಟರೆ "ಅದರಾಗ ಏನ್ ಇರ್ತದೋ ಯವ್ವಾ" ಅಂತ ಕೈ ಹಿಂದಕ್ಕೆ ತೆಗೆಯುತ್ತಾರೆ. ತಮ್ಮ ಮನೆ ಬಿಟ್ಟರೆ ಅವರು ಉಣ್ಣುವುದು ಒಂದೇ ಕಡೆ. ಮಗಳ ಕೈಯಲ್ಲಿ.

ಆ ಭಾನುವಾರ ಸುಜಾತಾಳ ಮೆನು: ಗ್ರಿಲ್ಡ್ ವೆಡ್ಜ್ ಸಲಾಡ್. ವಿಡಿಯೋದವರ ಲೆಟ್ಯೂಸ್ ಸೊಪ್ಪು ನಮ್ಮ ಸಂತೆಯಲ್ಲಿ ಎಲ್ಲಿ ಸಿಗಬೇಕು? ಕ್ಯಾಬೇಜ್ ತಂದಳು. ದಿಂಡು ಬಿಡಿಸದೆ ದೊಡ್ಡ ದೊಡ್ಡ ಹೋಳು ಮಾಡಿ, ಶೇಂಗಾ ಎಣ್ಣೆ, ಉಪ್ಪು ಸವರಿ, ಮಾಳಿಗೆಯ ಮೇಲೆ ಶೇಗಡಿಯ ಕೆಂಡಕ್ಕೆ ಜಾಲರಿ ಇಟ್ಟು ಸುಟ್ಟಳು. ಅಂಚು ಕರ್ರಗೆ, ಒಳಗೆ ಕರಂ ಕುರುಂ.

ಅದರ ಮೇಲೆ ಸುರಿಯುವ ಡ್ರೆಸ್ಸಿಂಗ್ ಕಲಸುವ ಕೆಲಸ ನನಗೆ ಬಂತು.

"ಮಾವಾ, ವಿಡಿಯೋದಾಗ ತತ್ತಿ ಹಾಕ್ತಾರ. ನಮಗ ಬ್ಯಾಡ, ಅವ್ವ ಉಣ್ಣಾಕಿ ಅದಾಳ," ಅಂದಳು. ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು, ಕೆನೆ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನಪುಡಿ, ನಿಂಬೆರಸ ಎಲ್ಲ ಕೈಗೆ ಕೊಟ್ಟು ತಾನು ಮಾಳಿಗೆ ಹತ್ತಿದಳು. ನಾನು ಕಲಸಿದೆ. ಬೆಣ್ಣೆಯಂಥ ಡ್ರೆಸ್ಸಿಂಗ್! (ನನ್ನ ಕೈಗುಣ.)

ಶರಣಮ್ಮ ಮೊದಲು ಅನುಮಾನದಿಂದ ಒಂದು ಎಲೆ ಕಿತ್ತು ಬಾಯಿಗಿಟ್ಟರು. ಆಮೇಲೆ ಇಡೀ ಹೋಳು ಮುಗಿಸಿದರು. ಬೆರಳು ನೆಕ್ಕಿ ಮಗಳ ಮುಖ ನೋಡಿದರು. "ಭಾಳ ಚಲೋ ಮಾಡೀಯಲ್ಲಬೇ! ಇಷ್ಟು ನುಣ್ಣಗ ಹ್ಯಾಂಗ ಬಂತು?"

ಸುಜಾತಾಳ ಮುಖ ಅರಳಿತು. ಅಲ್ಲಿಗೆ ಸುಮ್ಮನಿರಬೇಕಿತ್ತು. ಇದ್ದೆನಾ?

"ಆಕಿಗೇನ್ ಕೇಳ್ತೀರಿ ಬೀಗತಿ, ನನ್ನ ಕೇಳ್ರಿ," ಅಂದೆ. "ಆಕಿ ಮ್ಯಾಲ ಹೋದಾಗ ಎರಡು ತತ್ತಿ ಒಡದು ಹಾಕೀನಿ. ನಿಮ್ಮ ಮಗಳಿಗೂ ಗೊತ್ತಿಲ್ಲ."

ಮೆಣಸಿನಕಾಯಿ ಹೋಳಿಗೆಗೆ ಬಿದ್ದಂಥ ನಗುವಿಗಾಗಿ ಕಾದೆ.

ಶರಣಮ್ಮನ ಬಲಗೈ ಕೊರಳಿನ ಲಿಂಗದ ಕಡೆಗೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಆ ಕೈಯಲ್ಲೇ ಉಂಡಿದ್ದರಲ್ಲ. ಬೆರಳಿಗೆ ಡ್ರೆಸ್ಸಿಂಗ್ ಅಂಟಿತ್ತು. ಕೈ ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಎದ್ದು ಬಚ್ಚಲಿಗೆ ಹೋದರು. ಒಳಗೆ ಕಾರಿಕೊಳ್ಳುವ ಸದ್ದು ಕೇಳಿತು.

"ಚೇಷ್ಟಿ ಮಾಡೀನ್ರೀ! ತತ್ತಿ ಹಾಕಿಲ್ರೀ, ಖರೇನ!" ಬಾಗಿಲ ಹೊರಗೆ ನಿಂತು ಕೂಗಿದೆ. ನನ್ನ ಹೆಂಡತಿ ನನ್ನನ್ನು ನೋಡಿದಳು. ಅವಳೂ ನಂಬಿರಲಿಲ್ಲ.

ಶರಣಮ್ಮ ಅದೇ ಮಧ್ಯಾಹ್ನ ಬಸ್ ಹತ್ತಿದರು. ಒಂದು ಲೋಟ ನೀರು ಸಹ ಕುಡಿಯಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೇಷ್ಟೆ ಚೇಷ್ಟೆಯಾಗೇ ಉಳಿದು ನಾನು ಗೆದ್ದಂತೆ.

ಮರುದಿನ ಸುಜಾತಾ ಹೇಳಿದಳು: "ಮಾವಾ, ಅವ್ವ ಇನ್ನ ನಮ್ಮ ಮನ್ಯಾಗ ಉಣ್ಣಂಗಿಲ್ಲಂತ. ಬಂದರ ಬುತ್ತಿ ಕಟಗೊಂಡ ಬರ್ತಾಳಂತ." ಚೀಲ ಹೆಗಲಿಗೇರಿಸುತ್ತ, "'ತತ್ತಿ ಹಾಕಿಲ್ಲಬೇ' ಅಂತ ನಾ ಹೇಳಿದ್ನಿ. 'ನಿನಗ ಗೊತ್ತಿಲ್ಲಂತ ನಿಮ್ಮ ಮಾವನವರ ಅಂದಾರಲ್ಲ' ಅಂದ್ಳು."

ನೋಡಿ ನನ್ನ ಜಾಣತನ! ಜೋಕಿಗೆ ರುಚಿ ಬರಲೆಂದು ಸೇರಿಸಿದ ಮಾತು ಮಗಳ ಸಾಕ್ಷಿಯನ್ನೂ ಕೊಂದಿತ್ತು. ಉಳಿದ ಸಾಕ್ಷಿ ನಾನೊಬ್ಬನೇ. ನನ್ನನ್ನು ಯಾರು ನಂಬುತ್ತಾರೆ?

ಸರಿ, ಮಾಡಿ ತೋರಿಸೋಣ ಅಂತ ಹೊರಟೆ. ಒಂದು ಕೈಯಲ್ಲಿ ಕ್ಯಾಬೇಜಿನ ಚೀಲ, ಇನ್ನೊಂದರಲ್ಲಿ ಮೊಸರಿನ ಡಬ್ಬಿ, ದೇವದುರ್ಗದ ಬಸ್ಸು. ಶರಣಮ್ಮನ ಅಂಗಳದಲ್ಲೇ ಕೆಂಡ ಮಾಡಿ, ಅವರನ್ನು ಎದುರಿಗೆ ಕೂಡಿಸಿಕೊಂಡು ಒಂದೊಂದೇ ತೋರಿಸಿ ಕಲಸಿದೆ. ಡ್ರೆಸ್ಸಿಂಗ್ ಅದೇ ನುಣುಪು.

"ನೋಡಿದ್ರಲ್ರೀ? ತತ್ತಿ ಇಲ್ದ ಬರ್ತದ."

"ಹೌದ್ರೀ. ಇವತ್ತು ಹಾಕಿಲ್ಲ, ಕಣ್ಣಾರೆ ನೋಡೀನಿ," ಅಂದರು ಶರಣಮ್ಮ. "ಅವತ್ತು ನಾ ನೋಡಿಲ್ಲಲ್ರೀ."

"ಹಣಿಮ್ಯಾಲಿನ ಈಬತ್ತಿ ಮುಟ್ಟಿ ಆಣಿ ಮಾಡ್ತೀನ್ರೀ!"

"ಬ್ಯಾಡ್ರೀ ಬೀಗರ. ನಿಮ್ಮ ಆಣಿ ಕೇಳಿ ನಗಬೇಕೋ, ಅಳಬೇಕೋ, ನನಗ ಅದು ಸೈತ ತಿಳಿಯಂಗಿಲ್ಲ."

ಅಷ್ಟು ಹೇಳಿ ಒಳಗೆ ಹೋದವರು ನನಗೆ ತಟ್ಟೆ ಹಾಕಿದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಕೆನೆಮೊಸರು. ಹಸಿದಿದ್ದೆ. ಗಬಗಬ ಉಂಡೆ. ಕೈ ತೊಳೆಯುವಾಗ ತಲೆಗೆ ಹೊಳೆಯಿತು: ಪಲ್ಯದಲ್ಲಿ ಏನು ಹಾಕಿದ್ದೀರಿ ಅಂತ ನಾನು ಕೇಳಲೇ ಇಲ್ಲ. ಕೇಳಬೇಕು ಅನಿಸಲೂ ಇಲ್ಲ. ಬೇರೆಯವರು ಬಡಿಸಿದ್ದನ್ನು ಕಣ್ಣು ಮುಚ್ಚಿ ಬಾಯಿಗಿಡುತ್ತೇವಲ್ಲ, ಅದೆಷ್ಟು ದೊಡ್ಡ ಸಂಗತಿ! ಆ ಕಣ್ಣು ಮುಚ್ಚಿದ ಗಳಿಗೆಯಲ್ಲೇ ನಾನು ಶರಣಮ್ಮನಿಗೆ ಕೈ ಕೊಟ್ಟಿದ್ದೆ. ಬಸ್ಸಿನಲ್ಲಿ ಪಕ್ಕದವನು ಮಾತಿಗೆಳೆದ. ನಾನು, ಈ ನಾನು, ಒಂದು ಸುಳ್ಳೂ ಹೇಳದೆ ರಾಯಚೂರು ಮುಟ್ಟಿದೆ.

ಮೊನ್ನೆ ಕಣ್ಣಿನ ಡಾಕ್ಟರಿಗೆ ತೋರಿಸುವ ದಿನ. ಶರಣಮ್ಮ ಬಂದರು. ಕೈಯಲ್ಲಿ ಬುತ್ತಿಗಂಟು. ಸುಜಾತಾ ಆ ಗಂಟನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿ ಬಂದಿತ್ತು.

ತಾಯಿ ಮಗಳ ಮುಖ ನೋಡಿದರು. ಗಂಟನ್ನು ಕಿಟಕಿಯಲ್ಲಿಟ್ಟರು. "ಅಳಬ್ಯಾಡಬೇ. ಅವತ್ತಿಂದು ಶಿವನ ಪಾದಕ್ಕ ಬಿಟ್ಟೀನಿ. ನಿನ್ನ ಕೈಯಾಗಿಂದು ಉಣ್ತೀನಿ. ಆದರ ಒಂದು ಮಾತದ." ನನ್ನ ಕಡೆ ತಿರುಗಲಿಲ್ಲ. ತಿರುಗುವ ಅಗತ್ಯವೂ ಇರಲಿಲ್ಲ. "ಅಡಗಿ ಆಗೂತನ, ನಾ ಉಂಡು ಕೈ ತೊಳಿಯೂತನ, ಬೀಗರು ಹೊರಗ ಇರ್ಲಿ."

ಹೊರಗೆ ಕಟ್ಟೆಯ ಮೇಲೆ ಕೂತೆ. ದಾರಿಯಲ್ಲಿ ಹೋಗುವವರು "ಏನ್ ಕಾಕಾ, ಬಿಸಿಲಿಗೆ ಕುಂತೀರಿ?" ಅಂದರು. ಏನು ಹೇಳಲಿ? ಒಳಗಿಂದ ಸುಟ್ಟ ಕ್ಯಾಬೇಜಿನ ವಾಸನೆ, ಜಜ್ಜಿದ ಬೆಳ್ಳುಳ್ಳಿಯ ವಾಸನೆ, ಆಮೇಲೆ ತಾಯಿ ಮಗಳು ನಗುವ ಸದ್ದು ಬಂತು. ಅವರು ಉಂಡರು. ಇಷ್ಟು ದಿನದ ಮೇಲೆ ನನಗೂ ಉಸಿರು ಬಂತು.

ಆದರೆ ಅಡುಗೆ ಶುರುವಾಗುವ ಮುಂಚೆ ಇನ್ನೊಂದು ಸದ್ದು ಕೇಳಿತ್ತು. ಅದಿನ್ನೂ ಕಿವಿಯಲ್ಲಿದೆ. ಕಳ್ಳರ ಭಯಕ್ಕೆ ಬೀದಿಬಾಗಿಲಿಗೆ ಚಿಲಕ ಹಾಕುತ್ತಾರೆ. ನಮ್ಮ ಮನೆಯಲ್ಲಿ ಹಾಡುಹಗಲು ಅಡುಗೆಮನೆಗೆ ಒಳಗಿನಿಂದ ಚಿಲಕ ಬಿದ್ದದ್ದು ಯಾರ ಭಯಕ್ಕೆ, ನೀವೇ ಹೇಳಿ?