ಕೃಪಾ ದೇವರಿಗೆ ಬಿಟ್ಟದ್ದು

ಚಂದಾಪುರದ ನಮ್ಮ ವಠಾರದಲ್ಲಿ ಕೃಪಾಳಷ್ಟು ಒಳ್ಳೆಯವಳು ಇನ್ನೊಬ್ಬಳಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ನಲ್ಲಿಯ ಮುಂದೆ ಹಿಂದಿನವರಿಗೆಲ್ಲ ಜಾಗ ಬಿಟ್ಟು, ಕೊನೆಗೆ ಅರ್ಧ ಕೊಡ ನೀರು ಹಿಡಿದು ಬರುವ ಪೈಕಿ ಅವಳು. ಗಂಡ ತೀರಿಕೊಂಡ ಮೇಲೆ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿದು ಮಗಳನ್ನು ಪಿಯುಸಿ ಓದಿಸುತ್ತಿದ್ದಳು. ಭಾನುವಾರ ಮಾತ್ರ ಓವರ್‌ಟೈಮ್ ಒಲ್ಲೆ ಎನ್ನುತ್ತಿದ್ದಳು, ಅವತ್ತು ಚರ್ಚಿನ ಸಭೆ. ನಾನೂ ಅದೇ ಸಭೆಯವಳು. ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಅಲ್ಲಿಂದ ಎಲ್ಲರೂ ಚೆನ್ನಾಗಿ ಕಾಣುತ್ತಾರೆ.

ಹೋದ ವರ್ಷ ಅವಳ ಲೈನಿನಲ್ಲಿ ಒಂದು ಬಂಡಲ್ ಶರ್ಟು ಕಾಣೆಯಾಯಿತು. ಸೂಪರ್‌ವೈಸರ್ ಲಕ್ಷ್ಮಣಪ್ಪ ತನ್ನ ತಲೆ ಉಳಿಸಿಕೊಳ್ಳಲು, ಕೃಪಾ ಬ್ಯಾಗಿಗೆ ತುಂಬಿಕೊಂಡದ್ದನ್ನು ಕಣ್ಣಾರೆ ಕಂಡೆ ಎಂದು ಮ್ಯಾನೇಜರ್ ಮುಂದೆ ಹೇಳಿಬಿಟ್ಟ. ಅವತ್ತೇ ಅವಳನ್ನು ಗೇಟಿನಿಂದ ಆಚೆ ಹಾಕಿದರು. ಹೊಸೂರು ರಸ್ತೆಯ ಬೇರೆ ಫ್ಯಾಕ್ಟರಿಗಳಿಗೆ ಅವಳು ಹೋಗುವ ಮೊದಲೇ ಕಳ್ಳಿ ಎಂಬ ಹೆಸರು ಹೋಗಿತ್ತು. ಕೆಲಸ ಎಲ್ಲೂ ಸಿಗದೆ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ಸ್ ಹೊಲಿಯತೊಡಗಿದಳು.

ಕೆಲವೇ ದಿನಗಳಲ್ಲಿ ಆ ಬಂಡಲ್ ಫಿನಿಶಿಂಗ್ ಸೆಕ್ಷನ್ನಿನ ಯಾವುದೋ ಪೆಟ್ಟಿಗೆಯಲ್ಲಿ ಲಕ್ಷ್ಮಣಪ್ಪನಿಗೇ ಸಿಕ್ಕಿತು. ಸದ್ದಿಲ್ಲದೆ ಲೈನಿಗೆ ಸೇರಿಸಿಬಿಟ್ಟ ಪುಣ್ಯಾತ್ಮ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ, ಕೃಪಾಳ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದ ಅನುಸೂಯಮ್ಮನ ಹತ್ತಿರ ಬಾಯಿಬಿಟ್ಟ. ಆಕೆ ಮಾರಮ್ಮನ ಒಕ್ಕಲು. ನಮ್ಮ ಸಭೆಗೂ ಆಕೆಗೂ ಸಂಬಂಧವಿಲ್ಲ. ಅವತ್ತೇ ಬಸ್ ಹತ್ತಿ ಓಡಿಬಂದಳು.

"ನಡಿಯೇ, ನಾಳೆ ಮ್ಯಾನೇಜರ್ ಮುಂದೆ ನಿಂತ್ಕೊಂಡು ಅವನನ್ನ ಕೇಳು. ನನ್ನ ಮಾತು ಯಾರು ನಂಬ್ತಾರೆ? ನಿನ್ ಮುಖ ನೋಡ್ಕೊಂಡು ಅವನು ಇನ್ನೊಂದ್ಸಲ ಸುಳ್ಳು ಹೇಳಲ್ಲ. ಒಳಗೊಳಗೇ ಬೇಯ್ತಾವ್ನೆ."

"ಪಾಸ್ಟರ್‌ನ ಒಂದ್ಮಾತು ಕೇಳ್ತೀನಿ ಅಕ್ಕ," ಎಂದಳು ಕೃಪಾ.

ಪಾಸ್ಟರ್ ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಬೇಡ ತಾಯಿ. ವೈರಿಗಳಿಗೆ ನ್ಯಾಯ ತೀರಿಸೋದು ದೇವರ ಕೆಲಸ. ನೀನು ಹೋಗಿ ನಿಂತ್ರೆ ಆತನ ಕೈಗೆ ಅಡ್ಡ ಬಂದ ಹಾಗೆ."

ಪಕ್ಕದ ಸೈಟಿನವನು ಸಭೆಯ ಜಾಗದೊಳಗೆ ಒಂದಡಿ ಗೋಡೆ ಎಬ್ಬಿಸಿದಾಗ ಇದೇ ಪಾಸ್ಟರ್ ವಕೀಲರ ಮನೆಗೆ ಅಲೆದು ಸ್ಟೇ ತಂದಿದ್ದರು. ಆ ಒಂದಡಿ ನೆಲವನ್ನು ದೇವರಿಗೆ ಬಿಡಲು ಅವರಿಗೆ ಧೈರ್ಯ ಬರಲಿಲ್ಲ. ಗಂಡ ಸತ್ತ ಹೆಂಗಸಿನ ಮಾನವನ್ನು ಬಿಡಲು ಏನೂ ಅಡ್ಡಿಯಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಸೇಡು ಬಿಡು, ಯಾರು ಬೇಡ ಅಂದ್ರು? ಹೋಗಿ ನಿಜ ಏನು ಅಂತ ಕೇಳೋದು ಸೇಡಲ್ಲ ಕಣೇ," ಎಂದು ಕೃಪಾಳಿಗೆ ಬೈದೆ.

"ಆತನ ಕೈಗೆ ಕೊಟ್ಟಾಯ್ತಲ್ಲ ಅಕ್ಕ. ಕೊಟ್ಟಿದ್ದನ್ನ ವಾಪಸ್ ಕಿತ್ಕೋಬಾರ್ದು."

ನಮ್ಮಲ್ಲಿ ಶುಕ್ರವಾರ ಉಪವಾಸ ಕೂಟ. ಯಾರಿಗೆ ಯಾರ ಕಾಟವೋ ಅವರ ಹೆಸರು ಹೇಳಿದರೆ ಎಲ್ಲರೂ ಸೇರಿ ಪ್ರಾರ್ಥಿಸುತ್ತಾರೆ. ಕೃಪಾಳ ಜೊತೆ ಫ್ಯಾಕ್ಟರಿ ಗೇಟಿನವರೆಗೆ ಬರಲು ಒಬ್ಬರಿಗೂ ಬಿಡುವಿಲ್ಲ. ಆದರೆ "ಸುಳ್ಳಾಡಿದ ಬಾಯನ್ನು ಕಟ್ಟು ಕರ್ತನೇ!" ಎಂದು ಗಂಟಲು ಹರಿಯುವಂತೆ ಕೂಗಲು ಎಲ್ಲರೂ ಮುಂದು. ವಾರವಾರವೂ ಕೂಗಿದರು. ಕೃಪಾ ತಲೆ ತಗ್ಗಿಸಿ ಆಮೆನ್ ಅನ್ನುತ್ತಿದ್ದಳು.

ಲಕ್ಷ್ಮಣಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು.

ಆ ಭಾನುವಾರ ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬಿಪಿ ಮಾತ್ರೆ ನುಂಗದೆ ಮೈ ಕೆಡಿಸಿಕೊಂಡ ಗಂಡಸಿನ ಕಾಯಿಲೆಯನ್ನು ದೇವರ ಲೆಕ್ಕಕ್ಕೆ ಬರೆದು ಹಲ್ಲೆಲೂಯ ಹಾಡಿದರು, ನಾಚಿಕೆಗೆಟ್ಟವರು. ಕೃಪಾಳನ್ನು ಮುಂದೆ ಕರೆದು ನಿಲ್ಲಿಸಿದರು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ನಿಜ ಹೇಳಬಲ್ಲ ಬಾಯಿ ಇಡೀ ಭೂಮಿಯ ಮೇಲೆ ಲಕ್ಷ್ಮಣಪ್ಪನದೊಂದೇ ಇತ್ತೆಂದು ಅಷ್ಟೂ ಜನರಲ್ಲಿ ಅವಳೊಬ್ಬಳಿಗೇ ಹೊಳೆದಿರಬೇಕು.

ಮಾರನೆಯ ದಿನ ಅವಳೊಡನೆ ನಾನೂ ಲಕ್ಷ್ಮಣಪ್ಪನ ಮನೆಗೆ ಹೋದೆ. ಅವನ ಹೆಂಡತಿ ಕಮಲಮ್ಮನಿಗೆ ನಮ್ಮ ಗುರುತಿಲ್ಲ. ಫ್ಯಾಕ್ಟರಿಯವರು ಅಂದದ್ದಕ್ಕೆ ಒಳಗೆ ಕರೆದು ಕುರ್ಚಿ ಹಾಕಿದಳು. ಕೃಪಾಳನ್ನು ಕಂಡದ್ದೇ ಅವನ ಕಣ್ಣು ತುಂಬಿತು. ಸೊಟ್ಟ ಬಾಯಿಂದ "ಅ... ಅ..." ಎಂಬ ಸದ್ದು ಹೊರಟಿತು.

"ಅದೇನೋ ಹೇಳಕ್ಕೆ ಒದ್ದಾಡ್ತಾವ್ರೆ ನೋಡಮ್ಮ," ಎಂದಳು ಕಮಲಮ್ಮ.

ಯಾವತ್ತೂ ದನಿಯೆತ್ತದ ಕೃಪಾ ಮಂಚದ ಪಕ್ಕ ಕುಸಿದು, ಬಿದ್ದುಹೋದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದಳು. "ಹೇಳಿ ಸಾರ್, ನಾನು ಕದ್ದಿಲ್ಲ ಅಂತ ಹೇಳಿ. ಮ್ಯಾನೇಜರ್ ಹತ್ರ ಬೇಡ, ನಿಮ್ ಮನೆಯವರ ಮುಂದೆ ಹೇಳಿದ್ರೂ ಸಾಕು!"

ಅವನು ತುಟಿ ಕೂಡಿಸಲು ಹೆಣಗಿದ. ಜೊಲ್ಲು ಇಳಿಯಿತು. ಕಮಲಮ್ಮ ಸೆರಗಿನಿಂದ ಅದನ್ನು ಒರೆಸಿ, ಕೃಪಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಓ, ಆ ಶರ್ಟ್ ಕದ್ದೋಳು ನೀನೇನಾ?" ಎಂದಳು.