ಮರಿಗೆ ಕಲಿಸಿದ ಒಂದು ‘ಬಾ’

ನಾಯಿಮರಿ ಮನಿಗೆ ಬಂದಾಗ ಅದಕ್ಕ ಎಂಟು ವಾರ, ನನಗ ಐವತ್ತೆಂಟು ವರ್ಷ. ಇಬ್ಬರೊಳಗ ಯಾರ ಮಾತು ನಡೀತದ ಅನ್ನೂದು ಮೊದಲನೇ ದಿನನ ಗೊತ್ತಾಗಿ ಹೋತು. ಮಗಳು ಅದನ್ನ ಟವೆಲ್ಲಿನ್ಯಾಗ ಸುತ್ತಿ ನನ್ನ ಉಡಿಯೊಳಗ ಇಟ್ಟಳು. ಅದು ನನ್ನ ಮುಖಾನ ನೋಡಿಕೋತ, ಭಾಳ ಸಮಾಧಾನದಿಂದ, ಉಚ್ಚಿ ಹೊಯ್ದು ಕಣ್ಣು ಮುಚ್ಚಿತು.

ಎಲ್ಲಾ ತಾನ ಮಾಡ್ತೇನಿ ಅಂತ ಮಗಳು ಮಾತು ಕೊಟ್ಟಿದ್ದಳು, ಇಂಗ್ಲಿಷಿನ್ಯಾಗ. ಆಕಿಗೆ ಕನ್ನಡ ಪೂರಾ ತಿಳೀತದ, ಆದ್ರ ಬಾಯಿಂದ ಬರೂದೆಲ್ಲ ಇಂಗ್ಲಿಷ್. ನಾನು ಧಾರವಾಡದ ಮಾತಿನ್ಯಾಗ ಬೈತೇನಿ, ಆಕಿ ಲಂಡನ್ನಿನ ಮಾತಿನ್ಯಾಗ ಸಾರಿ ಅಂತಾಳ. ಇಪ್ಪತ್ತಾರು ವರ್ಷ ಹಿಂಗ ನಡದದ. ಆಕಿ ಕೆಲಸ ಕ್ಯಾನರಿ ವಾರ್ಫಿನ್ಯಾಗ. ಮುಂಜಾನಿ ಏಳೂವರಿಗೆ ಮನಿ ಬಿಟ್ಟು ಎದುರಿಗಿನ ಸ್ಟಾಪಿನ್ಯಾಗ ಟ್ರಾಮ್ ಹಿಡೀತಾಳ, ಆಮ್ಯಾಲ ಟ್ರೇನು, ಆಮ್ಯಾಲ ಟ್ಯೂಬು. ತಿರುಗಿ ಬರೂದು ಸಂಜಿ ಏಳಕ್ಕ. ‘ಎಲ್ಲಾ’ ಮಾಡಾಕ ಆಕಿಗೆ ಎಷ್ಟು ಹೊತ್ತು ಉಳೀತದ ನೀವ ಹೇಳ್ರಿ.

ಮನ್ಯಾಗ ನಾವಿಬ್ಬರ. ಮನಿಯವರು ತೀರಿಕೊಂಡು ಆರು ವರ್ಷಾತು. ನಾನು ಸಾಲಿ ಅಡಗಿಮನ್ಯಾಗ ಕೆಲಸಾ ಮಾಡ್ತಿದ್ದೆ, ಮೊಣಕಾಲು ಕೈಕೊಟ್ಟ ಮ್ಯಾಲ ಬಿಟ್ಟೆ. ಅಮ್ಮ ಒಬ್ಬಾಕಿನ ಇರ್ತಾಳಂತ ಮಗಳು ನಾಯಿ ತಂದಳು. ಒಬ್ಬಾಕಿನ ಇದ್ದಾಗ ನಾನು ಆರಾಮ ಇದ್ದೆ ಅನ್ನೂದು ಆಕಿಗೆ ಹೊಳೀಲಿಲ್ಲ.

ಕ್ರೋಯ್ಡನ್ನಿನ್ಯಾಗ ನಮ್ಮದು ಸಾಲುಮನಿ, ಮುಂದ ಅಂಗಳ ಇಲ್ಲ. ಬಾಗಲಾ ತಗದರ ಫುಟ್‌ಪಾತು, ಎರಡು ಹೆಜ್ಜಿ ಇಟ್ಟರ ರಸ್ತಾ. ಬಸ್ಸು, ವ್ಯಾನು, ಆಚಿಕಡೆ ಟ್ರಾಮು. ಮೊದಲನೇ ಸೂಜಿ ಹಾಕಿಸಾಕ ಹೋದಾಗ ಪ್ರಾಣಿ ದವಾಖಾನಿ ನರ್ಸ್ ನಮ್ಮ ವಿಳಾಸ ಬರಕೊಂಡು ಪೆನ್ನು ಕೆಳಗಿಟ್ಟಳು. ಮಿಕ್ಕಿದ್ದು ಏನು ಕಲಿಸ್ತೀರೋ ಬಿಡ್ತೀರೋ, ಕರದರ ಬರೂದೊಂದು ಕಲಿಸ್ರಿ, ಆ ರಸ್ತಾದಾಗ ಇದರ ಜೀವ ಅದರ ಮ್ಯಾಲ ಅದ ಅಂದಳು. ಆ ಮಾತು ನನ್ನ ಎದ್ಯಾಗ ಕುಂತುಬಿಡ್ತು.

ಕಲಿಸೂದು ದೂರ ಉಳೀತು, ಮೊದಲು ಸಂಭಾಳಿಸೂದು ಆಗಲಿಲ್ಲ. ಪಡಸಾಲ್ಯಾಗ ಒರಸಿ ಏಳೂದರೊಳಗ ಅಡಗಿಮನ್ಯಾಗ ಹೊಯ್ದಿರ್ತಿತ್ತು. ಹೊರಗ ಹಿತ್ತಲದಾಗ ಅರ್ಧಾ ತಾಸು ನಿಂತರ ಹುಲ್ಲು ಮೂಸಿ, ಗಾಳಿ ಕುಡದು, ಒಳಗ ಬಂದು ಜಮಖಾನಿ ಮ್ಯಾಲ ಕುಂಡರತಿತ್ತು. ಹಲ್ಲು ಅಂದ್ರ ಸೂಜಿ. ನನ್ನ ಸೀರಿ ನಿರಿಗಿ, ಕೈಬೆರಳು, ಮೊಣಕಾಲಿಗೆ ಕಟ್ಟೂ ಪಟ್ಟಿ, ಒಂದೂ ಬಿಡಲಿಲ್ಲ. ನಾನು ಬಾತ್‌ರೂಮಿಗೆ ಹೋದ್ರ ಬಾಗಲಾ ಹೊರಗ ಅಳತಿತ್ತು. ಮಗಳನ್ನ ಹಡದಾಗ ನನಗ ಮೂವತ್ತೆರಡು, ಆವಾಗ ಆಗದ ಸುಸ್ತು ಈಗ ಆತು. ನಂದು ನಾಯಿಪಾಡಾತು ಅಂತ ಅನ್ನಾಕೂ ಬರಂಗಿಲ್ಲ, ಯಾಕಂದ್ರ ನಾಯಿದು ಪಾಡು ನನಗಿಂತ ಚಲೋ ಇತ್ತು. ಒಂದಿನ ಮಧ್ಯಾಹ್ನ ಅದು ನನ್ನ ಚಪ್ಪಲಿ ಕಡಿಯೂದನ್ನ ನೋಡಿಕೋತ ನೆಲದ ಮ್ಯಾಲ ಕುಂತು ಅತ್ತೆ. ಅದು ಚಪ್ಪಲಿ ಬಿಟ್ಟು ಬಂದು ನನ್ನ ಕಣ್ಣೀರು ನೆಕ್ಕಿ, ಮತ್ತ ಚಪ್ಪಲಿಗೆ ಹೋತು.

ಎರಡನೇ ಸೂಜಿ ಆಗೂತನಕ ಅದರ ಕಾಲು ನಮ್ಮ ಹಿತ್ತಲಾ ಬಿಟ್ಟು ಹೊರಗಿನ ನೆಲಕ್ಕ ತಾಗಬಾರದಂತ, ಆದ್ರ ಊರು ಮಾತ್ರ ತೋರಿಸಬೇಕಂತ. ಹಳೇ ಇಳಕಲ್ ಸೀರಿ ಹರದು ಜೋಳಿಗಿ ಮಾಡಿ, ಅದರಾಗ ಮರಿನ್ನ ಹಾಕ್ಕೊಂಡು, ಕುಂಟಿಕೋತ ಬಸ್ಸು ಟ್ರಾಮು ತೋರಿಸಿಕೋತ ತಿರುಗಿದೆ. ಮಂದಿ ಕೂಸಂತ ತಿಳಕೊಂಡು ಬಗ್ಗಿ ನೋಡೂವರು, ಒಳಗಿಂದ ಕರೀ ಮೂಗು ಹೊರಗ ಬರತಿತ್ತು. ಅದು ಟ್ರಾಮ್ ಬಂದಾಗೊಮ್ಮೆ ನನ್ನ ಕಂಕುಳಾಗ ಮುಖಾ ಹುದುಗಿಸ್ತಿತ್ತು. ಅಷ್ಟೊತ್ತಿಗೆ ನನಗ ಅದರ ಮ್ಯಾಲ ಮಾಯಾ ಕೂತಿತ್ತು, ಸುಳ್ಳು ಯಾಕ ಹೇಳಲಿ.

ಚರ್ಚಿನ ಹಾಲಿನ್ಯಾಗ ಶನಿವಾರ ಮರಿಗಳ ಕ್ಲಾಸು. ಕಲಿಸೂ ಬಾಯಿ, ಅಂದ್ರ ಟೀಚರು, ನನ್ನ ವಾರಗೀಯಾಕಿ, ಸೊಂಟಕ್ಕ ತಿಂಡಿ ಚೀಲ ಕಟ್ಟಿದ್ದಳು. ನಮ್ಮ ಮರಿ ಬಾಜೂ ಮರಿ ಕಿವಿ ಹಿಡೀತು. ನಾನು ‘ಬ್ಯಾಡ, ಬ್ಯಾಡ’ ಅಂದೆ. ಆ ಬಾಯಿ ಕ್ಲಾಸು ನಿಲ್ಲಿಸಿ, ಇಲ್ಲಿ ಯಾವ ಮರಿಗೂ ನಾವು ಕೆಟ್ಟದ್ದು ಅಂತ ಅನ್ನಂಗಿಲ್ಲ ಅಂದಳು. ನನಗ ಪಿತ್ತ ನೆತ್ತಿಗೇರಿತು. ನಿಮ್ಮ ‘ಬ್ಯಾಡ್’ ಬ್ಯಾರೆ, ನಮ್ಮ ‘ಬ್ಯಾಡ’ ಬ್ಯಾರೆ, ನಮ್ಮದು ಬೈಗುಳ ಅಲ್ಲ, ಊಟಕ್ಕ ಕುಂತಾಗ ಇನ್ನೊಂದು ರೊಟ್ಟಿ ಹಾಕಾಕ ಬಂದರೂ ಹಂಗ ಅಂತೇವಿ ಅಂತ ನನ್ನ ಇಂಗ್ಲಿಷಿನ್ಯಾಗ ತಿಳಿಸಿ ಹೇಳಿದೆ. ಮಗಳು ನೆಲಾ ನೋಡಿಕೋತ ನಿಂತಿದ್ದಳು. ಆ ಬಾಯಿ ಸಿಟ್ಟಾಗಲಿಲ್ಲ. ಯಾವ ಭಾಷಾ ಆದರೂ ನಡೀತದ, ಆದ್ರ ಮನ್ಯಾಗ ಎಲ್ಲಾರೂ ಅದ ಮಾತು ಆಡಬೇಕು, ಒಂದು ಮಾತಿಗೆ ಒಂದ ಕೆಲಸ ಅಂದಳು. ದಿನಾ ಮರಿ ಜೋಡಿ ಇರೂವರು ಯಾರು ಅಂತ ಕೇಳಿದಳು. ನಾನ, ಅಂತ ಹೇಳಿದೆ.

ಹಂಗಾಗಿ ನಮ್ಮ ಮರಿ ಕನ್ನಡದಾಗ ಕಲೀಬೇಕಂತ ಆತು. ಫ್ರಿಜ್ಜಿನ ಮ್ಯಾಲ ಮಗಳು ಅಂಟಿಸಿದ್ದ ಇಂಗ್ಲಿಷ್ ಪಟ್ಟಿ ಕಿತ್ತು ಒಗದೆ. ನಮ್ಮ ಮಾತು ಮೂರ: ಕುಂಡ್ರು, ಬ್ಯಾಡ, ಬಾ. ಸೋಮವಾರ ಸಂಜಿ ಮಗಳು ಆಫೀಸಿನ ಅರಿವ್ಯಾಗನ ನೆಲದಾಗ ಕುಂತು, ಮರಿಗೆ ಕೈ ಚಾಚಿ, ‘ಬಾ’ ಅಂದಳು. ಶುದ್ಧ ‘ಬಾ’, ನನ್ನ ಅವ್ವ ಅಂದಂಗ. ನನ್ನ ಕೈಯಾಗಿನ ಸೌಟು ಹಂಗ ನಿಂತಿತು. ನನ್ನ ಜೋಡಿ ಇಷ್ಟು ವರ್ಷ ಆಡಲಾರದ ಮಾತು ನಾಯಿ ಜೋಡಿ ಆಡಿದಳಲ್ಲಾ ಅಂತ ಹೊಟ್ಟೆಕಿಚ್ಚಾತು, ಖುಷಿನೂ ಆತು.

‘ಬಾ’ ಮರಿ ಭಾಳ ಲಗೂ ಕಲೀತು. ಕೋಳಿ ತುಂಡು ಇಟ್ಟಗೊಂಡು ಅಡಗಿಮನಿಂದ ಕರದರ ಹಿತ್ತಲದಿಂದ ಓಡಿ ಬರತಿತ್ತು, ಕಿವಿ ಹಿಂದ ಹಾರತಿದ್ವು. ಕ್ಲಾಸಿನ ಬಾಯಿ ಎರಡು ನಿಯಮ ಹೇಳಿದ್ದಳು. ‘ಬಾ’ ಅಂದು ಬಂದ ಮ್ಯಾಲ ಬರಿಗೈಲೆ ಕಳಸಬಾರದು. ‘ಬಾ’ ಅಂದು ಮೋಸಾ ಮಾಡಬಾರದು, ಒಮ್ಮೆ ಮೋಸ ಹೋದ್ರ ಆ ಮಾತು ಮತ್ತ ನಂಬಂಗಿಲ್ಲ. ನಾನೇನು ಮೋಸಾ ಮಾಡ್ತೇನಿ ಅಂದುಕೊಂಡೆ.

ಆದ್ರ ದಿನಾ ಮಾಡ್ತಿದ್ದೆ, ನನಗ ಗೊತ್ತಿರಲಿಲ್ಲ. ಮುಂಜಾನಿ ಮಗಳು ಹೊರಡೂ ಹೊತ್ತಿಗೆ ಮರಿನ್ನ ಪಡಸಾಲ್ಯಾಗಿನ ಸಣ್ಣ ಗೇಟಿನ ಹಿಂದ ಹಾಕಿ, ಬಾಗಿಲದಾಗ ನಿಂತು ಆಕಿಗೆ ‘ಹೋಗಿ ಬಾ’ ಅಂತಿದ್ದೆ. ಬರೇ ‘ಹೋಗು’ ಅನ್ನೂದು ನಮ್ಮ ಮಂದ್ಯಾಗ ಎಲ್ಲೈತ್ರಿ. ಮತ್ತ ನನಗ ಅದರಾಗ ಒಂದು ಅಂಜಿಕಿನೂ ಇತ್ತು. ಮನಿಯವರು ಕಡೀಗೆ ಕೆಲಸಕ್ಕ ಹೋದ ದಿನ ನಾನು ಬಾತ್‌ರೂಮಿನ್ಯಾಗಿದ್ದೆ, ಅವರಿಗೆ ‘ಹೋಗಿ ಬರ್ರಿ’ ಅನ್ನಲಿಲ್ಲ, ಅವರು ಬರಲಿಲ್ಲ, ಕೆಲಸದಾಗನ ಎದಿ ನಿಂತುಬಿಡ್ತು. ಮಾತಿಗೂ ಎದಿಗೂ ಏನು ಸಂಬಂಧ, ಹುಚ್ಚು ಅಂತ ನನಗೂ ಗೊತ್ತು. ಆದರೂ ಮಗಳಿಗೆ ಒಂದಿನ ತಪ್ಪಿಸಿಲ್ಲ. ನಾನು ಅನ್ನೂದು, ಮರಿ ಗೇಟಿಗೆ ಹಾರಿ ಹಾರಿ ಬಡಕೊಂಡು ಅಳೂದು. ಅಕ್ಕನ್ನ ಬಿಟ್ಟಿರಾಕ ಆಗಂಗಿಲ್ಲ ಪಾಪ, ಅಂತ ಲೊಚಗುಡತಿದ್ದೆ. ನಾನ ಅದನ್ನ ಕರೀತೇನಿ, ಕರದು ಗೇಟು ತಗಿಯಂಗಿಲ್ಲ ಅನ್ನೂದು ನನ್ನ ದಡ್ಡ ತಲಿಗೆ ಹೊಳೀಲ ಇಲ್ಲ.

ಆ ದಿನ ಮಗಳು ಊಟದ ಡಬ್ಬಿ ಮರತಳು. ರೊಟ್ಟಿ ಹಿಟ್ಟಿನ ಕೈಲೆ ಡಬ್ಬಿ ತಗೊಂಡು ನಾನು ಗೇಟು ದಾಟಿ ಬಾಗಲಕ್ಕ ಓಡಿದೆ. ಆಕಿ ಅರ್ಧಾ ರಸ್ತಾದಿಂದ ತಿರುಗಿ ಬಂದು ಡಬ್ಬಿ ಕಸಗೊಂಡು ಮತ್ತ ಆಚಿಕಡೆ ದಾಟಿದಳು. ಗಡಿಬಿಡ್ಯಾಗ ಅನ್ನೂದು ಬಿಟ್ಟೆನಲ್ಲಾ ಅಂತ ನಾನು ಹೊಸ್ತಿಲ ಮ್ಯಾಲಿಂದ ಜೋರಾಗಿ, ‘ಹೋಗಿ ಬಾ ಅವ್ವಿ’ ಅಂದೆ. ಹಿಂದ ಗೇಟಿನ ಚಿಲಕಾ ಹಾಕಿದ್ದಿಲ್ಲ.

ನನ್ನ ಕಾಲ ಸಂದ್ಯಾಗಿಂದ ಮರಿ ಹಾರಿ ಹೋತು. ಫುಟ್‌ಪಾತು ದಾಟಿ ರಸ್ತಾಕ್ಕ ಇಳೀತು. ನಾನು ‘ಬಾ’ ಅಂತ ಒದರಿದೆ. ಅದು ನಿಂತು ನನ್ನ ಕಡೆ ತಿರುಗಿತು, ಬರಾಕೂ ಹತ್ತಿತು. ಅಷ್ಟೊತ್ತಿಗೆ ಆಚಿಕಡೆ ಮಗಳು ನೋಡಿದಳು. ಆಕಿ ಡಬ್ಬಿ ಒಗದು, ಬಗ್ಗಿ, ಎರಡೂ ಕೈ ಚಾಚಿ, ‘ಬಾ, ಬಾ’ ಅಂದಳು, ನಾವು ಕಲಿಸಿದಂಗ. ಮರಿ ಆಕಿ ಕಡೆ ತಿರುಗಿತು. ನಾನು ಮತ್ತ ಕರದೆ. ನನ್ನ ಕಡೆ ತಿರುಗಿತು. ಮನ್ಯಾಗ ಎಲ್ಲಾರೂ ಅದ ಮಾತು ಆಡಬೇಕಂತ ಹೇಳಿದ್ದರಲ್ಲಾ, ಇಬ್ಬರೂ ಅದನ್ನ ಆಡತಿದ್ದಿವಿ. ಅದು ತಾನು ಕಲ್ತದ್ದನ್ನ ಸರಿಯಾಗಿ ಮಾಡತಿತ್ತು, ನಟ್ಟನಡುವ ನಿಂತು. ಬಾಯಿ ಮುಚ್ಚು ಅಂತ ಮಗಳಿಗೆ ಹೇಳಬೇಕು, ಇಲ್ಲಾ ನಾನು ಮುಚ್ಚಬೇಕು, ಎರಡೂ ತಿಳೀಲಿಲ್ಲ. ಮೊಣಕಾಲು ಹೊಸ್ತಿಲ ಬಿಟ್ಟು ಇಳೀಲಿಲ್ಲ. ಬಿಳೀ ವ್ಯಾನೊಂದು ಬಂತು.

ವ್ಯಾನಿನಾಂವ ಬ್ರೇಕ್ ಹಾಕಿದ, ಆದ್ರೂ ಹಿಂದಿನ ಕಾಲಿಗೆ ಬಡೀತು. ಪಾಪ, ಅಂವನೂ ಇಳದು ಓಡಿ ಬಂದ, ಅಂವಂದೇನೂ ತಪ್ಪಿರಲಿಲ್ಲ. ಮಗಳು ಮರಿನ್ನ ಕೋಟಿನ್ಯಾಗ ಸುತ್ತಿ ಎತ್ತಿಕೊಂಡಳು. ಅದು ಒದರತಿತ್ತು, ಆ ದನಿ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಜೀವ ಉಳೀತು. ಎಲುಬಿಗೆ ಪಟ್ಟಿ ಹಾಕಿದರು, ಗಾಯ ನೆಕ್ಕಬಾರದಂತ ಕೊರಳಿಗೆ ಪ್ಲಾಸ್ಟಿಕ್ಕಿನ ಬುಟ್ಟಿ ಕಟ್ಟಿದರು. ಮನಿಗೆ ಬಂದ ನಾಕನೇ ದಿನ, ಔಷಧಿ ಹಾಕೂಣಂತ ಮೆಲ್ಲಕ ‘ಬಾ’ ಅಂದೆ. ಮರಿ ಹೊಟ್ಟಿ ಎಳಕೋತ ಹೋಗಿ ಸೋಫಾದ ಕೆಳಗ ಸೇರಿತು. ಬುಟ್ಟಿ ಸಿಕ್ಕಿಬಿದ್ದರೂ ಬಿಡಲಿಲ್ಲ, ಇನ್ನೂ ಒಳಗ ನುಗ್ಗಾಕ ನೋಡತಿತ್ತು. ನಾನು ಔಷಧಿ ಬಾಟ್ಲಿ ಕೆಳಗಿಟ್ಟೆ.

ಕ್ಲಾಸಿನ ಬಾಯಿಗೆ ಫೋನ್ ಮಾಡಿದೆ. ಆಕಿ ಎಲ್ಲಾ ಕೇಳಿಕೊಂಡು, ಆ ಮಾತು ಕೆಟ್ಟು ಹೋತು, ಇನ್ನ ಮನ್ಯಾಗ ಅದನ್ನ ಆಡಬ್ಯಾಡ್ರಿ, ಹೊಸಾ ಮಾತು ಕಲಿಸ್ರಿ ಅಂದಳು. ಮಾತು ಆಡಿದರ ಹೋತು, ಮುತ್ತು ಒಡದರ ಹೋತು ಅಂತ ನಮ್ಮ ಹಿರ್ಯಾರು ಹೇಳಿದ್ದನ್ನ ನನಗ ಕ್ರೋಯ್ಡನ್ನಿನ ಬಾಯಿ ತಿಳಿಸಬೇಕಾತು. ಮಗಳು ‘ಹಿಯರ್’ ಅಂತ ಆರಿಸಿದಳು. ಫ್ರಿಜ್ಜಿನ ಮ್ಯಾಲ ಇಂಗ್ಲಿಷ್ ಪಟ್ಟಿ ಮತ್ತ ಬಂತು.

‘ಬಾ’ ಇಲ್ಲದ ಮನ್ಯಾಗ ಒಮ್ಮೆ ಇದ್ದು ನೋಡ್ರಿ. ಊಟಕ್ಕ ಬಾ ಅನ್ನಂಗಿಲ್ಲ. ಬಾರವ್ವಾ ಇಲ್ಲೆ ಅನ್ನಂಗಿಲ್ಲ. ಮುಂಜಾನಿ ಬಾಗಿಲದಾಗ ತುಟಿ ಬಿಗಿ ಹಿಡಕೊಂಡು ನಿಲ್ಲತಿದ್ದೆ. ಮಗಳು ‘ಬೈ’ ಅಂತಿದ್ದಳು, ನಾನು ತಲಿ ಅಲ್ಲಾಡಿಸ್ತಿದ್ದೆ. ಸಂಜಿ ಏಳಕ್ಕ ಕೀಲಿ ತಿರುಗೂ ಸಪ್ಪಳ ಕೇಳೂತನಕ ನನ್ನ ಜೀವದಾಗ ಜೀವ ಇರತಿರಲಿಲ್ಲ. ಇತ್ತ ಮರಿ ‘ಹಿಯರ್’ ಅಂದ್ರ ತಲಿ ಎತ್ತಿ ನೋಡತಿತ್ತು, ಏಳತಿರಲಿಲ್ಲ. ಆರು ವಾರಕ್ಕ ಪಟ್ಟಿ ಬಿಚ್ಚಿದರು, ಕಾಲು ಕೂಡಿತ್ತು, ಕುಂಟೂದು ಉಳದಿತ್ತು. ಆದರೂ ಯಾರು ಕರದರೂ ಬರಲಿಲ್ಲ. ಕರದರ ಬರದ ಮರಿನ್ನ ಇಂಥಾ ರಸ್ತಾದ ಮ್ಯಾಲ ಇಟಗೊಳ್ಳೂದು ಪಾಪ, ರಸ್ತಾ ಇಲ್ಲದ ಯಾರದರ ಮನಿಗೆ ಕೊಡೂಣು ಅಂತ ಒಂದು ರವಿವಾರ ಮಗಳು ಅಳಕೋತ ಹೇಳಿದಳು. ಆಕಿ ಹೇಳಿದ್ದು ಖರೆ ಇತ್ತು. ಮುಂದಿನ ವಾರ ಕ್ಲಾಸಿನ ಬಾಯಿ ಒಂದು ಮನಿ ಹುಡುಕಿದಳು, ಊರ ಹೊರಗ, ದೊಡ್ಡ ಹಿತ್ತಲದ್ದು. ಆ ಮಂದಿ ಶನಿವಾರ ಬಂದು ಒಯ್ತೇವಿ ಅಂದರು.

ಶುಕ್ರವಾರ ಮುಂಜಾನಿ ಮಗಳು ‘ಬೈ’ ಅಂದು ಹೋದಳು. ನನಗ ತಡಕೊಳ್ಳಾಕ ಆಗಲಿಲ್ಲ. ಮರಿಗೆ ಕೇಳಬಾರದಂತ ಬಾತ್‌ರೂಮಿಗೆ ಹೋಗಿ, ಬಾಗಲಾ ಹಾಕ್ಕೊಂಡು, ಟಬ್ಬಿನ ಅಂಚಿನ ಮ್ಯಾಲ ಕುಂತು ಆಕಿಗೆ ಫೋನ್ ಹಚ್ಚಿದೆ. ಆಕಿ ಎದುರಿಗಿನ ಸ್ಟಾಪಿನ್ಯಾಗ ಇನ್ನೂ ಟ್ರಾಮ್ ಕಾಯತಿದ್ದಳು. ಏನಾತಮ್ಮ ಅಂತ ಇಂಗ್ಲಿಷಿನ್ಯಾಗ ಗಾಬರಿಯಾಗಿ ಕೇಳಿದಳು. ಏನಿಲ್ಲ, ಅಂದು, ಕೈ ಅಡ್ಡ ಹಿಡಕೊಂಡು, ಪಿಸುದನಿಲೆ ಹೇಳಿದೆ.

‘ಹೋಗಿ ಬಾ.’

ಆ ಕಡೆ ಟ್ರಾಮ್ ಬಂದು ನಿಂತ ಸಪ್ಪಳ. ಆಮ್ಯಾಲ ಮಗಳು ಕನ್ನಡದಾಗ, ‘ಬರ್ತೇನವ್ವ’ ಅಂದಳು.

ಫೋನ್ ಇಟ್ಟು ಮುಖಾ ಒರಸಿಕೊಳ್ಳೂದರೊಳಗ ಬಾಗಲಕ್ಕ ಏನೋ ಕೆರದಂಗಾತು. ತಗದೆ. ಮರಿ ಹೊರಗ ನಿಂತಿತ್ತು, ಮೂರು ಕಾಲಿನ ಮ್ಯಾಲ ಭಾರ ಹಾಕಿ, ಮೈಯೆಲ್ಲಾ ನಡಗಿಕೋತ. ‘ಬಾ’ ಅಂತ ಕರದಿದ್ದಕ್ಕ ಬಂದಿತ್ತು. ನನ್ನ ಬಲಗೈ ಮೂಸಿತು, ಎಡಗೈ ಮೂಸಿತು, ಕುಂಡ್ರು ಅನ್ನದನ ನನ್ನ ಮುಂದ ಕುಂತು, ಮುಖ ಎತ್ತಿ ಕಾಯಾಕ ಹತ್ತಿತು. ಕೊಡಾಕ ನನ್ನ ಕೈಯಾಗ ಏನೂ ಇರಲಿಲ್ಲ.